ಭಾವ ಮುಚ್ಚಲೊಪ್ಪದ ಸಿಡಿ

ನಮ್ಮ ಭಾವನಿಗೆ ಸುಡಲು ಬಾರದ ವಸ್ತು ಜಗತ್ತಿನಲ್ಲಿ ಒಂದೇ ಒಂದು, ಅದು ಸಿಡಿ! ದೋಸೆ, ಹಪ್ಪಳ, ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಸಿಕ್ಕ ಕೋರ್ಟಿನ ಕರಿಕೋಟು, ಒಮ್ಮೆ ಅಡುಗೆಮನೆಯ ಪರದೆ, ಇವನ್ನೆಲ್ಲ ಅವರು ಯಾವ ತರಬೇತಿಯೂ ಇಲ್ಲದೆ ಚೆನ್ನಾಗಿಯೇ ಸುಟ್ಟಿದ್ದಾರೆ. ಸಿಡಿ ಮಾತ್ರ ಅವರಿಗೆ ಒಲಿಯಲಿಲ್ಲ. ಕಂಪ್ಯೂಟರಿನಿಂದ ಸಿಡಿಗೆ ಹಾಡನ್ನೋ ಮಾತನ್ನೋ ತುಂಬಿಸುವುದಕ್ಕೆ ‘ಬರ್ನ್ ಮಾಡುವುದು’ ಎನ್ನುತ್ತಾರಲ್ಲ, ಅದನ್ನು ಮೊದಲ ಸಲ ಕೇಳಿದಾಗ ನನ್ನ ಅಕ್ಕ, “ಸುಡುವುದೇ ಆದ್ರೆ ನಾಲ್ಕು ಹಪ್ಪಳ ಸುಡಬಹುದಿತ್ತಪ್ಪ, ಊಟಕ್ಕಾದ್ರೂ ಆಗ್ತಿತ್ತು” ಎಂದಿದ್ದಳು.

ಭಾವ ಎಂದರೆ ಆ ಅಕ್ಕನ ಗಂಡ. ಹುಟ್ಟೂರು ಕಾಸರಗೋಡಿನ ಕಡೆ, ವಕೀಲಿಕೆ ಕೊಚ್ಚಿಯಲ್ಲಿ, ಮನೆ ಕಲೂರ್ ಬಸ್‌ನಿಲ್ದಾಣದಿಂದ ನಡೆದುಹೋಗುವಷ್ಟು ಹತ್ತಿರ. ನಾನಿರುವುದು ತಿರುವನಂತಪುರದ ಶ್ರೀಕಾರ್ಯಂನಲ್ಲಿ. ಸರಕಾರಿ ಕೆಲಸದಿಂದ ನಿವೃತ್ತನಾಗಿದ್ದರೂ ನನ್ನ ಮನೆಯಲ್ಲಿ ಏಳುವುದಕ್ಕೆ, ತಿನ್ನುವುದಕ್ಕೆ, ನಡೆಯುವುದಕ್ಕೆ ಹೊತ್ತುಗೊತ್ತು ಎಂಬುದಿದೆ. ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಉಣ್ಣುವ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಭಾವ ನನ್ನ ಮನೆಗೆ ಬಂದರೆ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. “ನಿನ್ನ ಮನೆಯಲ್ಲಿ ಆಕಳಿಸುವುದಕ್ಕೂ ಟೈಂಟೇಬಲ್ ನೋಡ್ಬೇಕು ಮಾರಾಯ” ಎನ್ನುತ್ತಾರೆ. ಆಕಳಿಕೆಗೆ ನಾನು ಸಮಯ ಗೊತ್ತುಮಾಡಿಲ್ಲ. ಮಾಡಿದರೆ ತಪ್ಪೇನೂ ಇಲ್ಲ, ಆ ಮಾತು ಬೇರೆ.

ಭಾವ ಮೊದಲ ಕಂಪ್ಯೂಟರ್ ತಂದದ್ದು ಈ ಶತಮಾನದ ಆರಂಭದ ವರ್ಷಗಳಲ್ಲಿ. ಚಾಲೂ ಮಾಡಿದೊಡನೆ ತೆರೆಯ ಮೇಲೆ ಉದ್ದುದ್ದದ ಕರಾರುಪತ್ರವೊಂದು ಬಂತು, ಕೆಳಗೆ ‘ಒಪ್ಪಿದ್ದೇನೆ’ ಎಂಬ ಗುಂಡಿ. ನೀವಾದರೆ ಏನು ಮಾಡುತ್ತೀರಿ? ಕಣ್ಣುಮುಚ್ಚಿ ಒತ್ತುತ್ತೀರಿ. ನಾನೂ ಅಷ್ಟೇ. ಭಾವ ಮಾತ್ರ ಕುರ್ಚಿ ಎಳೆದು ಕೂತು ಮೊದಲ ಅಕ್ಷರದಿಂದ ಓದಲಾರಂಭಿಸಿದರು! ಮಧ್ಯಾಹ್ನದ ಊಟ ತಣ್ಣಗಾಯಿತು. ಸಂಜೆಯ ಚಹಾವೂ ತಣ್ಣಗಾಯಿತು. ಕೊನೆಗೆ ಕನ್ನಡಕ ತೆಗೆದು, “ಇದಕ್ಕೆ ರುಜು ಹಾಕುವ ಕಕ್ಷಿಗಾರನನ್ನು ನಾನು ಮನೆಗೆ ಕಳಿಸಿಬಿಡ್ತೇನೆ” ಎಂದು ಹೇಳಿ ‘ಒಪ್ಪುವುದಿಲ್ಲ’ ಒತ್ತಿದರು. ಕಂಪ್ಯೂಟರ್ ಆರಿಹೋಯಿತು.

ಆಮೇಲೆ ಯಾರೋ ಅವರಿಗೆ ಲಿನಕ್ಸ್ ಎಂಬುದನ್ನು ತೋರಿಸಿದರು. ಯಾರು ಬೇಕಾದರೂ ಬಳಸಬಹುದಾದ, ಒಳಗಿನ ಹೂರಣವನ್ನೆಲ್ಲ ಬಿಚ್ಚಿಟ್ಟ ವ್ಯವಸ್ಥೆ ಅದು. ಅದರ ಕರಾರನ್ನೂ ಪೂರ್ತಿ ಓದಿ ನನಗೆ ಫೋನ್ ಮಾಡಿದರು: “ನೋಡು, ನಕಲು ಮಾಡು, ಬದಲಿಸು, ಹಂಚು ಅಂತ ಬರೆದಿದ್ದಾರೆ ಮಾರಾಯ! ಅಣ್ಣತಮ್ಮಂದಿರು ಪಾಲುಪಟ್ಟಿ ಹೀಗೆ ಬರೆದರೆ ನಾನು ಉಪವಾಸ!” ಅಂದಿನಿಂದ ಭಾವ ಲಿನಕ್ಸಿನ ಕಟ್ಟಾ ಭಕ್ತರಾದರು.

ಭಕ್ತರ ಮೊದಲ ಸೇವೆ, ಊರಿನಿಂದ ತಂದ ತಾಳಮದ್ದಳೆಯ ಹಳೆಯ ಕ್ಯಾಸೆಟ್ಟುಗಳನ್ನು ಸಿಡಿಗೆ ಏರಿಸುವುದು. ದೇವರು ಮೊದಲ ದಿನವೇ ಮುಖ ತಿರುಗಿಸಿದ. ಸಿಡಿ ಬರೆಯುವ ಯಂತ್ರವನ್ನು ಮುಟ್ಟಲು ನಿಮಗೆ ಅನುಮತಿ ಇಲ್ಲ ಎಂಬ ಸಂದೇಶ ಬಂತು. ಲಿನಕ್ಸಿನಲ್ಲಿ ‘ರೂಟ್’ ಎಂಬ ಸರ್ವಾಧಿಕಾರಿಯೊಬ್ಬನಿರುತ್ತಾನಂತೆ. ಆ ಹೆಸರಿನಲ್ಲಿ ಒಳಹೊಕ್ಕರೆ ತಡೆಯುವವರಿಲ್ಲ. ಭಾವ ಒಪ್ಪಬೇಕಲ್ಲ!

“ನನ್ನ ಅರ್ಜಿಗೆ ನಾನೇ ಜಡ್ಜಾಗಿ ಕೂರುವುದಾ? ಛೆ!”

ಹಾಗೆಂದವರು ಲಿನಕ್ಸ್ ಬಳಕೆದಾರರ ಬಳಗಕ್ಕೆ ಒಂದು ಇಮೇಲ್ ಬರೆದರು. ‘ಅರ್ಜಿದಾರನು ಕಲೂರ್ ನಿವಾಸಿಯಾಗಿದ್ದು’ ಎಂದು ಆರಂಭವಾಗಿ, ದಾವೆಗೆ ಕಾರಣ ಹುಟ್ಟಿದ ದಿನ, ಸ್ಥಳ ಎಲ್ಲವನ್ನೂ ದಾಟಿ, ‘ನ್ಯಾಯ ದೊರಕಿಸಿಕೊಡಬೇಕಾಗಿ ಪ್ರಾರ್ಥನೆ’ ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಒಂದೇ ಸಾಲಿನ ಉತ್ತರ ಬಂತು: ಸಿಡಿ ಬಳಸುವವರ ಗುಂಪಿಗೆ ನಿಮ್ಮ ಹೆಸರನ್ನು ಸೇರಿಸಿಕೊಳ್ಳಿ. ಸೇರಿಸಿದರು, ಯಂತ್ರ ತೆರೆದುಕೊಂಡಿತು. ಆದರೂ ಭಾವನಿಗೆ ಸಮಾಧಾನವಿಲ್ಲ. “ಪ್ಯಾರಾಕ್ಕೆ ಪ್ಯಾರಾ ಉತ್ತರ ಕೊಟ್ಟಿಲ್ಲ ನೋಡು” ಎಂದು ವಾರಗಟ್ಟಲೆ ಕೊರಗಿದರು.

ಮುಂದಿನ ರೋಗ, ಬರೆಯುತ್ತ ಬರೆಯುತ್ತ ಅರ್ಧಕ್ಕೇ ನಿಂತುಬಿಡುವುದು. ವೇಗ ಕಡಿಮೆ ಮಾಡಿ ಎಂದು ಬಳಗದವರು ಹೇಳಿದರು. ಭಾವ ಕಂಪ್ಯೂಟರಿನ ವೇಗವನ್ನಷ್ಟೇ ಅಲ್ಲ, ಇಡೀ ಮನೆಯ ವೇಗವನ್ನೇ ಕಡಿಮೆ ಮಾಡಿದರು! ಸಿಡಿ ತಿರುಗುತ್ತಿರುವಾಗ ಫ್ಯಾನು ತಿರುಗಕೂಡದು. ಮಿಕ್ಸಿ ನಿಷಿದ್ಧ. ಅಕ್ಕ ತುದಿಗಾಲಿನಲ್ಲಿ ನಡೆಯಬೇಕು, ಒಗ್ಗರಣೆಯನ್ನೂ ಸದ್ದಿಲ್ಲದೆ ಹಾಕಬೇಕು. ಒಗ್ಗರಣೆ ಕೇಳುತ್ತದೆಯೇ? ಅದು ಚಟಪಟ ಎಂದೇ ತೀರಿತು, ಆ ಸಿಡಿಯೂ ಹಾಳಾಯಿತು, ಭಾವ ಸಾಸಿವೆಯ ಮೇಲೆ ಆರೋಪ ಹೊರಿಸಿದರು. ಕೆಟ್ಟ ಸಿಡಿಗಳೆಲ್ಲ ಲೋಟದಡಿಯ ತಟ್ಟೆಗಳಾದವು. ಮಿಕ್ಕವು ಅಂಗಳದ ನುಗ್ಗೆಮರದಲ್ಲಿ ಕಾಗೆ ಓಡಿಸಲು ಮಿರಮಿರ ಮಿಂಚುತ್ತ ತೂಗಿದವು. ಪಕ್ಕದ ಮನೆಯ ಮಲಯಾಳಿ ಹೆಂಗಸು, ನಮಗೆಲ್ಲ ಚೇಚಿ, ಬೇಲಿಯಾಚೆಯಿಂದ ದಿನಾ ವಿಚಾರಿಸುತ್ತಿದ್ದರು: “ವಕ್ಕೀಲ್ ಸಾರೇ, ಇನ್ನ್ ಎತ್ರ ಎಣ್ಣಂ ಕರಿಞ್ಞು?” ಇವತ್ತು ಎಷ್ಟು ಕರಕಲಾದವು ಎಂದು!

ಕೊನೆಗೊಂದು ದಿನ ಸಿಡಿ ಸುಸೂತ್ರವಾಗಿ ಮುಗಿಯಿತು. ಭಾವ ಅದೇ ಕಂಪ್ಯೂಟರಿಗೆ ಹಾಕಿ ನೋಡಿದರು, ಭಾಗವತರು ಪದ ಎತ್ತಿಯೇಬಿಟ್ಟರು. ವಿಜಯೋತ್ಸವ! ಅಲ್ಲಿಂದಾಚೆ ಮಾಡಿದ್ದೆಲ್ಲ ಸರಿಯಾಗಿಯೇ ಬಂತು, ಅದೇ ಕಂಪ್ಯೂಟರಿನಲ್ಲಿ ಹಾಡಿತು. ಒಂದಾದರೂ ಬೇರೆ ಮನೆಯ ಮೆಟ್ಟಿಲು ಹತ್ತಲಿಲ್ಲ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಹೀಗಿರುವಾಗ ಅಕ್ಕನ ಬಲಗಣ್ಣಿನ ಒಳಪೊರೆ, ರೆಟಿನಾ ಎನ್ನುತ್ತಾರಲ್ಲ, ಅದು ಕಳಚಿಕೊಂಡಿತು. ತಿರುವನಂತಪುರದಲ್ಲೇ ಆಪರೇಷನ್ ಆಯಿತು. ಡಾಕ್ಟರು ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಟ್ಟಿದ್ದರು. ಅದು ಪೊರೆಯನ್ನು ಒತ್ತಿ ಹಿಡಿಯಬೇಕು. ಹಿಡಿಯಬೇಕಾದರೆ ಅಕ್ಕ ಕೆಲವು ವಾರ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕು. ತಲೆ ಎತ್ತಿದರೆ ಪೊರೆ ಅಂಟುವುದಿಲ್ಲ, ಅಂಟದಿದ್ದರೆ ಆ ಕಣ್ಣು ಹೋದಂತೆಯೇ. ಇಷ್ಟನ್ನೂ ಡಾಕ್ಟರು ಮೆಲ್ಲಗೆ, ಸ್ಪಷ್ಟವಾಗಿ ಹೇಳಿದರು. ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಭಾವನಿಗೆ ಆಗ ದೊಡ್ಡದೊಂದು ಕೇಸಿನ ವಿಚಾರಣೆ ದಿನವೂ ನಡೆಯುತ್ತಿತ್ತು. ಭಾನುವಾರ ಮಾತ್ರ ಬಂದುಹೋಗುತ್ತಿದ್ದರು.

ನನ್ನ ಅಕ್ಕನನ್ನು ತಲೆ ತಗ್ಗಿಸಿ ಇರಿಸುವುದೆಂದರೆ ಏನು ಸಾಮಾನ್ಯವೇ? ಹುಟ್ಟಿದಂದಿನಿಂದ ಯಾರೆದುರೂ ತಗ್ಗಿಸಿದವಳಲ್ಲ! ಒಂದು ದಿನ ಸಹಿಸಿದಳು. ಮರುದಿನದಿಂದ ಬಾಗಿಲು ಕಿರ್ ಎಂದರೂ ತಲೆ ಎತ್ತುತ್ತಿದ್ದಳು.

“ಅಕ್ಕಾ, ತಲೆ!”

“ಪೇಪರ್ ಓದದೆ ಬೆಳಗಾಯ್ತು ಅಂತ ಹೇಗೆ ಗೊತ್ತಾಗ್ಬೇಕು ತಮ್ಮಾ?”

ವಿಷಯ ಇದು. ಕಲೂರಿನಲ್ಲಿ ದಿನಾ ಬೆಳಿಗ್ಗೆ ಭಾವ ಊರಿನ ಕನ್ನಡ ಪತ್ರಿಕೆಯನ್ನು ಅಕ್ಕನಿಗೆ ಗಟ್ಟಿಯಾಗಿ ಓದಿಹೇಳುವ ಪದ್ಧತಿ. ಪತ್ರಿಕೆ ರೈಲಿನಲ್ಲಿ ಬರುವಾಗ ಒಂದು ದಿನ ಹಳತಾಗಿರುತ್ತಿತ್ತು. ಅದರಿಂದ ಇಬ್ಬರಿಗೂ ಬೇಸರವಿರಲಿಲ್ಲ. ನಾನು ಓದಿಹೇಳಲು ಮುಂದಾದೆ. ಮೊದಲ ಪುಟದ ಮೊದಲ ಕಾಲಮಿನಿಂದ, ಕ್ರಮವಾಗಿ. ಅಕ್ಕ ನನ್ನನ್ನು ಅರ್ಧ ಕಾಲಮಿನಲ್ಲೇ ಕೆಲಸದಿಂದ ತೆಗೆದುಹಾಕಿದಳು. “ಮೊದಲು ಯಾರು ಸತ್ತದ್ದು ಹೇಳ್ಬೇಕು. ಮತ್ತೆ ತೆಂಗಿನಕಾಯಿ ಧಾರಣೆ. ದೆಹಲಿ ಎಲ್ಲ ಎಂತಕ್ಕೆ ನಂಗೆ? ನೀನು ಓದಿದ್ರೆ ಸರಕಾರಿ ಸುತ್ತೋಲೆ ಕೇಳಿದ ಹಾಗೆ ಆಗ್ತದೆ.”

ಫೋನು ಹಜಾರದಲ್ಲಿ, ಬೋರಲು ಮಲಗಿದವಳು ಅದನ್ನು ಹಿಡಿಯುವಂತಿಲ್ಲ. ಟೇಪ್‌ರೆಕಾರ್ಡರ್ ಯಾವುದೋ ಕ್ಯಾಸೆಟ್ಟಿನ ಕರುಳು ನುಂಗಿ ಹಿಂದಿನ ವರ್ಷವೇ ತೀರಿಕೊಂಡಿತ್ತು. ಇದ್ದದ್ದು ಒಂದು ಸಿಡಿ ಪ್ಲೇಯರ್.

“ಅಷ್ಟೇ ತಾನೇ? ನಾನು ಓದಿ ಸಿಡಿ ಮಾಡಿ ಕಳಿಸ್ತೇನೆ” ಎಂದರು ಭಾವ, ಗೆದ್ದ ವಕೀಲನ ಸ್ವರದಲ್ಲಿ.

ಕೊರಿಯರಿನಲ್ಲಿ ಸಿಡಿ ಬಂತು. ಹಾಕಿದೆ. ಪ್ಲೇಯರ್ ಸ್ವಲ್ಪ ಹೊತ್ತು ಗುರುಗುಟ್ಟಿ ‘ನೋ ಡಿಸ್ಕ್’ ಎಂದು ಬರೆಯಿತು. ಫೋನ್ ಮಾಡಿದೆ.

“ಭಾವಾ, ಡಿಸ್ಕೇ ಇಲ್ಲ ಅಂತ ತೋರಿಸ್ತಿದೆ.”

“ಡಿಸ್ಕ್ ಎಲ್ಲಿ ಉಂಟು?”

“ಅದರ ಹೊಟ್ಟೆಯಲ್ಲೇ.”

“ನೀನೇ ಕೈಯಾರೆ ಇಟ್ಟದ್ದಾ?”

“ಹೌದು.”

“ಹಾಗಾದ್ರೆ ಸಾಕ್ಷಿ ಸುಳ್ಳು ಹೇಳ್ತಾ ಉಂಟು! ನನ್ನ ಕಂಪ್ಯೂಟರಿನಲ್ಲಿ ಗಂಟೆ ಹೊಡೆದ ಹಾಗೆ ಕೇಳ್ತದೆ. ಸಾಕ್ಷಿಯನ್ನು ಬದಲಿಸು.”

ಬದಲಿಸಿದೆ. ಚಾಲೈ ಬೀದಿಯ ನೂಕುನುಗ್ಗಲಿನಲ್ಲಿ ನುಗ್ಗಿ ಹೊಸ ಪ್ಲೇಯರ್ ತಂದೆ. ಅದೂ ‘ನೋ ಡಿಸ್ಕ್’ ಎಂದಿತು. ಹೊತ್ತುಕೊಂಡು ವಾಪಸು ಹೋದೆ. ಅಂಗಡಿಯವರು ತಮ್ಮದೊಂದು ಸಿನಿಮಾ ಹಾಡಿನ ಸಿಡಿ ಹಾಕಿದರು. ಚಾಲೈಗೆ ಚಾಲೈಯೇ ತಿರುಗಿ ನೋಡುವಂತೆ ಹಾಡಿತು. “ಪ್ಲೇಯರಿನ್ ಕುಳಪ್ಪಮಿಲ್ಲ ಸಾರೇ” ಎಂದರು. ಪ್ಲೇಯರಿನದೇನೂ ತೊಂದರೆಯಿಲ್ಲ, ನನ್ನ ಕೈಯಲ್ಲಿದ್ದ ಭಾವನ ಸಿಡಿಯನ್ನು ಅವರು ನೋಡಿದ ನೋಟದಲ್ಲಿ ಉಳಿದ ತೀರ್ಪಿತ್ತು.

ಇತ್ತ ಅಕ್ಕ ತಲೆ ಎತ್ತುವುದು ಹೆಚ್ಚಾಯಿತು. ತಪಾಸಣೆಗೆ ಹೋದಾಗ ಡಾಕ್ಟರು ಹುಬ್ಬು ಗಂಟಿಕ್ಕಿ, “ಹೀಗಾದರೆ ಕಷ್ಟ” ಎಂದರು. ನನಗೆ ಗಾಬರಿಯಾಯಿತು. ಅಕ್ಕನ ಕುತ್ತಿಗೆಗೆ ನನ್ನ ಹೆಂಡತಿಯನ್ನು ಕಾವಲಿರಿಸಿ, ಮರುದಿನ ಮುಂಜಾನೆಯ ರೈಲು ಹಿಡಿದು ಕೊಚ್ಚಿಗೆ ಹೊರಟೆ. ಅಂದು ಕೋರ್ಟಿಗೆ ರಜೆ.

ನನಗೆ ಕಂಪ್ಯೂಟರ್ ತಿಳಿಯದು. ಆದರೆ ಕ್ರಮ ತಿಳಿದಿದೆ. “ಭಾವಾ, ಮೊದಲಿನಿಂದ ಮಾಡಿ. ಅದು ಕೇಳುವ ಪ್ರಶ್ನೆಯನ್ನೂ ನೀವು ಕೊಡುವ ಉತ್ತರವನ್ನೂ ಗಟ್ಟಿಯಾಗಿ ಓದಿ” ಎಂದು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಯಾವ ಕಡತ? ಅದು ಸರಿ. ಯಾವ ವೇಗ? ಅದೂ ಸರಿ. ಆಮೇಲೊಂದು ಪ್ರಶ್ನೆ ಬಂತು. ಭಾವ ಓದದೆ ಚಕ್ಕನೆ ‘ಇಲ್ಲ’ ಎಂದು ಒತ್ತಲು ಹೋದರು. ಕೈ ಹಿಡಿದೆ.

“ಇದೇನು?”

“ಡಿಸ್ಕನ್ನು ಮುಚ್ಚಬೇಕಾ ಅಂತ ಕೇಳ್ತದೆ. ನಾನು ಯಾವಾಗಲೂ ಬೇಡ ಅಂತೇನೆ.”

“ಯಾಕೆ?”

“ಮುಚ್ಚಿದ ಮೇಲೆ ಏನೂ ಸೇರಿಸಲಿಕ್ಕೆ ಆಗುವುದಿಲ್ಲ ಅಂತ ಬರೆದಿದೆ, ಓದು. ತಿದ್ದುಪಡಿಗೆ ಅವಕಾಶ ಇಲ್ಲದ ದಾವೆ ಯಾವ ವಕೀಲ ಹಾಕ್ತಾನೆ ಮಾರಾಯ?”

ಅದೇ ಪ್ರಶ್ನೆಯ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಒಂದು ಸಾಲಿತ್ತು. ಮುಚ್ಚದ ಡಿಸ್ಕು ಬರೆದ ಯಂತ್ರದಲ್ಲಿ ಬಿಟ್ಟು ಬೇರೆ ಪ್ಲೇಯರುಗಳಲ್ಲಿ ನಡೆಯದೆ ಇರಬಹುದು! ಜಗತ್ತಿನ ಅತಿ ಉದ್ದದ ಕರಾರನ್ನು ಕೊನೆಯ ಅಕ್ಷರದವರೆಗೆ ಓದಿದ ಮನುಷ್ಯ ಈ ಒಂದು ಸಾಲನ್ನು ಓದಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಭಾವ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು.

“ಆದ್ರೂ ಇದರಲ್ಲಿ ಇನ್ನೂ ಜಾಗ ಉಂಟಲ್ಲ” ಎಂದರು ಮೆಲ್ಲಗೆ. “ಇಷ್ಟು ಬೇಗ ಮುಚ್ಚುವುದೆಂತಕ್ಕೆ?”

“ಭಾವಾ, ಅಕ್ಕನ ಕಣ್ಣು.”

“ಆಯ್ತು ಮಾರಾಯ, ಆಯ್ತು.”

ಸಿಡಿಗೆ ಬರೆಯುವ ಮುನ್ನ, ತಾವು ಪತ್ರಿಕೆ ಓದಿ ಧ್ವನಿ ತುಂಬಿಸಿಟ್ಟಿದ್ದನ್ನು ಒಮ್ಮೆ ಕೇಳಿಸಿದರು. ಅಲ್ಲಲ್ಲಿ ಧ್ವನಿ ನಿಂತುಹೋಗುತ್ತಿತ್ತು. “ಇದೂ ಕೆಟ್ಟಿದೆ, ಖಾಲಿ ಬಿಟ್ಟಲ್ಲೆಲ್ಲ ಕತ್ತರಿಸಿದರೆ ಎರಡು ಸುದ್ದಿ ಹೆಚ್ಚು ಹಿಡಿಸಬಹುದು” ಎಂದೆ. “ಕೆಟ್ಟದ್ದಲ್ಲ, ಇರಲಿ” ಎಂದರು. ಕೊನೆಯಲ್ಲಿ ಉಳಿದ ಜಾಗಕ್ಕೇನು ಎಂದು ಕೇಳಿದೆ. “ನೀನು ಒಳಗೆ ಹೋಗಿ ಚಹಾ ಮಾಡು. ಫ್ಯಾನ್ ಹಾಕ್ಬೇಡ” ಎಂದು ಬಾಗಿಲು ಮುಂದೆ ಮಾಡಿ ಮೈಕಿನೆದುರು ಕೂತರು. ಚಹಾ ತರುವಾಗ ಡಿಸ್ಕ್ ಭರ್ತಿಯಾಗಿತ್ತು, ಮುಚ್ಚಿಯೂ ಆಗಿತ್ತು. ಬೇಲಿಯಾಚೆಯ ಚೇಚಿಯ ಮನೆಯ ಪ್ಲೇಯರಿನಲ್ಲಿ ಪರೀಕ್ಷೆ ಮಾಡಿದೆವು. “ಕೇಳ್ತಾ ಉಂಟಾ ಇವಳೇ?” ಎಂದು ಭಾವನ ಧ್ವನಿ ಮೊಳಗಿತು. ಚೇಚಿ ಕೈಮುಗಿದರು.

ಸಂಜೆ ಶ್ರೀಕಾರ್ಯಂನಲ್ಲಿ ಅಕ್ಕನ ಮಂಚದ ಪಕ್ಕ ಪ್ಲೇಯರ್ ಇಟ್ಟು ಹಚ್ಚಿದೆ.

“ಕೇಳ್ತಾ ಉಂಟಾ ಇವಳೇ? ಮೊದಲು ನಿಧನ. ನಿವೃತ್ತ ಹೆಡ್‌ಮಾಸ್ಟರು ಒಬ್ಬರು ಹೋದರು. ನಮ್ಮ ಪೈಕಿ ಅಲ್ಲ.”

ಧ್ವನಿ ನಿಂತಿತು. ಅಯ್ಯೋ, ಮತ್ತೆ ಕೆಟ್ಟಿತೇ ಎಂದು ನಾನು ಕೈಚಾಚುವಷ್ಟರಲ್ಲಿ ದಿಂಬಿನೊಳಗಿನಿಂದ ಅಕ್ಕನ ಸ್ವರ ಬಂತು:

“ನಮ್ಮ ಪೈಕಿ ಅಲ್ಲದೆ ಮತ್ತೆ? ನಮ್ಮ ದೊಡ್ಡತ್ತೆಯ ನಾದಿನಿಯನ್ನು ಕೊಟ್ಟದ್ದು ಆ ಮನೆಗೇ ಅಲ್ವಾ? ನಿಮಗೆ ಎಂತದೂ ನೆನಪಿರುವುದಿಲ್ಲ.”

ಅವಳು ಮುಗಿಸುವುದಕ್ಕೂ ಪೆಟ್ಟಿಗೆ ಮಾತಾಡುವುದಕ್ಕೂ ಸರಿಹೋಯಿತು: “ಹೌದು ಹೌದು, ನಿನ್ನ ದೊಡ್ಡತ್ತೆ ಕಡೆಯಿಂದ ನೆಂಟರು. ಬೈಬೇಡ. ಈಗ ತೆಂಗಿನಕಾಯಿ ಧಾರಣೆ.”

ನಾನು ಚಾಚಿದ ಕೈಯನ್ನು ಹಾಗೆಯೇ ಹಿಂದಕ್ಕೆಳೆದುಕೊಂಡೆ. ಧಾರಣೆ ಬಂತು, ಬಿಡುವು ಬಂತು, ಅಕ್ಕ ಧಾರಣೆಗೆ ಛೀಮಾರಿ ಹಾಕಿದಳು, ಭಾವ ಒಪ್ಪಿದರು. ಯಕ್ಷಗಾನದ ಸುದ್ದಿ ಬಂತು, ಬಿಡುವು ಬಂತು, ಅಕ್ಕ ನಕ್ಕಳು, ಭಾವನೂ ನಕ್ಕರು. ಎಲ್ಲೂ ತಾಳ ತಪ್ಪಲಿಲ್ಲ. “ತಲೆ ಎತ್ತಿದ್ದಿ ನೋಡು, ಇಳಿಸು” ಎಂದರು ನಡುವೆ. ಎತ್ತಿದ್ದಳು! ಇಳಿಸಿದಳು.

ಪತ್ರಿಕೆ ಮುಗಿಯಿತು. “ಇನ್ನು ನೀನು ಹೇಳು” ಎಂದರು ಭಾವ. ಆಮೇಲೆ ಮಾತಿಲ್ಲ. ಕುರ್ಚಿ ಒಮ್ಮೆ ಕಿರಗುಟ್ಟಿತು. ದೂರದಲ್ಲಿ ಕಲೂರಿನ ಯಾವುದೋ ಬಸ್ಸು ಹಾರ್ನ್ ಹಾಕಿತು. ಡಿಸ್ಕು ತಿರುಗುತ್ತಲೇ ಇತ್ತು. ಅಕ್ಕ ಗಾಳಿಗುಳ್ಳೆಯ ವಿಷಯ, ನನ್ನ ಟೈಂಟೇಬಲಿನ ವಿಷಯ, ನನ್ನ ಹೆಂಡತಿಯ ಸಾರಿನಲ್ಲಿ ಉಪ್ಪು ಕಡಿಮೆಯಾದ ವಿಷಯ ಎಲ್ಲವನ್ನೂ ದಿಂಬಿಗೆ ಹೇಳುತ್ತ ಹೋದಳು. ಹೇಳಿ ಹೇಳಿ ಸ್ವರ ಸಣ್ಣದಾಯಿತು, ನಿಂತಿತು. ಮುಖ ದಿಂಬಿನಲ್ಲೇ ಇತ್ತು.

ಕೆಲಸ ಮುಗಿದ ಯಂತ್ರವನ್ನು ಆರಿಸುವುದು ನನ್ನ ಅಭ್ಯಾಸ. ಎದ್ದು ಗುಂಡಿಗೆ ಬೆರಳಿಟ್ಟೆ.

“ಆಫ್ ಮಾಡ್ಬೇಡ ತಮ್ಮಾ” ಎಂದಳು ಅಕ್ಕ, ನಿದ್ದೆಗಣ್ಣಿನ ಸ್ವರದಲ್ಲಿ. “ಅವರು ಕೇಳ್ತಾ ಇದ್ದಾರೆ.”