ಕಲ್ಲವ್ವನ ಚಪಾತಿಗೆ ಬಿದ್ದ ಮುದ್ರೆ

ಆಹಾರ ಸುರಕ್ಷತೆಯ ಕಾನೂನನ್ನು ಪೂರ್ತಿ ತಿಳಿಯದವರು ಇಂಥದ್ದನ್ನು ಹೇಳಹೊರಡುವುದು ಅಧಿಕಪ್ರಸಂಗವೇ, ತಿಳಿದವರು ಕ್ಷಮಿಸಬೇಕು.

ಗದಗಿನ ಹತ್ತಿರದ ಊರೊಂದರಲ್ಲಿ ಕಲ್ಲವ್ವ ಖಾನಾವಳಿ ನಡೆಸುತ್ತಿದ್ದಳು. ಗಂಡ ತೀರಿದ ಮೇಲೆ ಅವಳಿಗೆ ಅದೊಂದೇ ಆಧಾರ. ಒಂದು ದಿನ ಮೈದುನ ಮುರಿಗೆಪ್ಪ ತಾನು ಮಾಡಿದ ಯಂತ್ರವನ್ನು ತಂದು ನಡುಮನೆಯಲ್ಲಿ ನಿಲ್ಲಿಸಿದ. ಹಾಲಿನ ಕ್ಯಾನಿಗೆ ಗಾಲಿ ಹಚ್ಚಿದಂತಿತ್ತು. ಮುಂದೆ ಉದ್ದನೆಯ ರಬ್ಬರ್ ನಾಲಿಗೆ. ಕಲಬೆರಕೆ ಆಹಾರ ನೆಕ್ಕಿದರೆ ತಾನೇ ಬಾಗಿಲೆಳೆದು ಬೀಗ ಜಡಿದು ಅರಗಿನ ಮುದ್ರೆ ಒತ್ತುತ್ತದಂತೆ. ತಪಾಸಣೆಗೆ ಜನ ಸಾಲದೆಂದು ಕೊರಗುತ್ತಿದ್ದ ಆಹಾರ ಅಧಿಕಾರಿ ಕಟಗೇರಿ ಸಾಹೇಬರು ಆಗಲೇ ಒಪ್ಪಿದ್ದರು. ಮುದ್ರೆ ಬಿದ್ದವರ ಲೈಸೆನ್ಸು ರದ್ದು.

"ಶುದ್ಧ ಊಟ ಅಂದ್ರ ಏನಂತ ಇದಕ್ಕ ಮೊದಲ ಕಲಿಸಬೇಕು, ವೈನಿ. ನಿಮ್ಮ ಅಡಗೀನ ನೆಕ್ಕಸ್ತೀನಿ," ಎಂದ ಮುರಿಗೆಪ್ಪ.

ಕಲ್ಲವ್ವ ಹಿಗ್ಗಿ ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ ಬಡಿಸಿದಳು. ಯಂತ್ರ ತಾಟು ಬೆಳಗಿಟ್ಟಂತೆ ನೆಕ್ಕಿ ಹಸಿರು ದೀಪ ಹಚ್ಚಿತು.

ಮರುದಿನ ಊರು ಹೊಕ್ಕಿತು. ಚಹಾ ಝುಣಕದಂತಿಲ್ಲವೆಂದು ಚಹಾದಂಗಡಿಗೆ ಮುದ್ರೆ. ಬ್ರೆಡ್ಡು ರೊಟ್ಟಿಯಂತಿಲ್ಲವೆಂದು ಬೇಕರಿಗೆ ಮುದ್ರೆ. ಕೆಮ್ಮಿನ ಔಷಧಿಯನ್ನೂ ಬಿಡಲಿಲ್ಲ. ಸಾಹೇಬರ ಮನೆಯ ಉಪ್ಪಿಟ್ಟು ನೆಕ್ಕಿ ಬಾಗಿಲು ಮುಚ್ಚಿದಾಗ ಅವರ ಹೆಂಡತಿ ಒಳಗೇ ಇದ್ದರು. ಇಷ್ಟು ಬಿಗಿ ತಪಾಸಣೆ ಜಿಲ್ಲೆಯಲ್ಲೇ ಆಗಿಲ್ಲವೆಂದು ಸಾಹೇಬರು ಕಿಟಕಿಯಿಂದ ಅವರಿಗೆ ತಿಳಿಹೇಳಿದರು.

ಊರಿಗೆ ಊರೇ ಕಲ್ಲವ್ವನ ಖಾನಾವಳಿಗೆ ಬಂತು. ಮಧ್ಯಾಹ್ನದೊಳಗೆ ಜೋಳದ ಹಿಟ್ಟು ಮುಗಿಯಿತು. ಗೋಧಿಹಿಟ್ಟು ಕಲಸಿ ಚಪಾತಿ ಬೇಯಿಸುತ್ತಲೇ ಅವಳು ಮೈದುನನಿಗೆ ಕೂಗಿ ಹೇಳಿದಳು.

"ಮುರಿಗೆಪ್ಪಾ, ಅದನ್ನ ಈಕಡೆ ತರಬ್ಯಾಡೋ. ಇವತ್ತ ಚಪಾತಿ ಮಾಡೀನಿ."

"ಅದಕ್ಕ ಕಲಿಸಿದಾಕಿ ನೀವ. ನಿಮಗ್ಯಾಕ ಅಂಜಿಕಿ?"

ಯಂತ್ರ ಚಪಾತಿ ನೆಕ್ಕಿತು. ಕೆಂಪು ದೀಪ ಹತ್ತಿತು. ಕೈ ತೊಳೆಯಲೂ ಬಿಡದೆ ಎಲ್ಲರನ್ನೂ ಹೊರಗೆ ದಬ್ಬಿ ಬಾಗಿಲಿಗೆ ಮುದ್ರೆ ಒತ್ತಿತು.

ಮುದ್ರೆ ಒಡೆದರೆ ತಮ್ಮ ನೌಕರಿ ಹೋಗುತ್ತದೆಂದರು ಸಾಹೇಬರು. ಯಂತ್ರಕ್ಕೆ ಮತ್ತೆ ಕಲಿಸುವವರೆಗೆ ಕಾಯಬೇಕೆಂದ ಮುರಿಗೆಪ್ಪ.

"ನೀವು ಕಾಯ್ದ ಕೂಡ್ರಿ. ಹಸದ ಮಂದಿ ಕಾಯೂದಿಲ್ಲ," ಎಂದ ಕಲ್ಲವ್ವ ರಸ್ತೆ ಬದಿ ಮೂರು ಕಲ್ಲಿಟ್ಟು, ನೆರೆಮನೆಯ ಹೆಂಚು, ಗೋಧಿಹಿಟ್ಟು ತಂದು ಒಲೆ ಹೊತ್ತಿಸಿದಳು. ಲಾರಿ ಹೋದಾಗಲೆಲ್ಲ ಚಪಾತಿಯ ಮೇಲೆ ಧೂಳು ಕೂರುತ್ತಿತ್ತು. ಯಂತ್ರ ಅದನ್ನೂ ನೆಕ್ಕಿತು. ಮುಚ್ಚಲು ಬಾಗಿಲೇ ಇಲ್ಲ! ಒಲೆಯ ಸುತ್ತ ತಿರುಗಿ ತಿರುಗಿ, ಕೊನೆಗೆ ತನ್ನ ಬಾಯನ್ನೇ ಎಳೆದುಕೊಂಡು ಬೀಗ ಹಾಕಿ ಮುದ್ರೆ ಒತ್ತಿಕೊಂಡಿತು.

ಯಂತ್ರವೇ ಅಶುದ್ಧವೆಂದು ವರದಿ ಬರೆದು ಸಾಹೇಬರು ಮುದ್ರೆಗಳನ್ನೆಲ್ಲ ಒಡೆಸಿದರು. ತಮ್ಮ ಮನೆಯದನ್ನು ಏಕೋ ಕಟ್ಟಕಡೆಗೆ. ಕಲ್ಲವ್ವನ ಖಾನಾವಳಿ ಮತ್ತೆ ನಡೆಯುತ್ತಿದೆ. ಆ ಊರಿನ ಖಾರದಪುಡಿಯಲ್ಲಿ ಇಟ್ಟಿಗೆಪುಡಿ ಇದೆಯೋ ಇಲ್ಲವೋ, ಅದು ಮಾತ್ರ ಇನ್ನೂ ಯಾರಿಗೂ ಗೊತ್ತಿಲ್ಲ.