ಗೈಡು ಹಿಡಿದು ಧಾರೆಗೆ

"ನೀನು ಮದುವೆಗೆ ಹೋಗದಿದ್ದರೆ ಎಂತಾಯ್ತು? ಮದುವೆಯನ್ನೇ ನಾನು ಮಸ್ಕತ್‌ಗೆ, ಅಲ್ ಅಜೈಬಾದ ಈ ಮನೆಗೇ ತರಿಸ್ತೇನೆ!" ಎಂದು ಬೋಜಣ್ಣ ಘೋಷಿಸಿದಾಗ ಅವನ ದನಿಯಲ್ಲಿ ಅರಬ್ಬೀ ಸಮುದ್ರವನ್ನು ಮಡಚಿ ಜೇಬಿಗಿಳಿಸುವವನ ಗಾಂಭೀರ್ಯವಿತ್ತು.

ಅವನ ಹೆಂಡತಿ ಲೋಲಾಕ್ಷಿಗೆ ಬೇಕಿದ್ದುದು ಇಷ್ಟೇ: ತಂಗಿಯ ಮಗಳು, ತಾನೇ ಎತ್ತಿ ಆಡಿಸಿದ ಸೌಮ್ಯಶ್ರೀಯನ್ನು ಸುರತ್ಕಲ್ಲಿನಲ್ಲಿ ಧಾರೆಯೆರೆಯುವ ಗಳಿಗೆಯನ್ನು ಕಣ್ಣಾರೆ ಕಾಣಬೇಕು, ಅದೇ ಗಳಿಗೆಗೆ ಮಸ್ಕತ್‌ನಿಂದಲೇ ಸೇಸೆಯ ಅಕ್ಕಿ ಹಾಕಿ ಹರಸಬೇಕು. ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿ ಕುಳಿತಿದ್ದರಿಂದ ವಿಮಾನದ ಆಸೆ ಖಲಾಸ್ ಆಗಿತ್ತು. ಉಳಿದದ್ದು ನೇರಪ್ರಸಾರ ಮತ್ತು, ದುರದೃಷ್ಟವಶಾತ್, ಬೋಜಣ್ಣ.

ಬೋಜಣ್ಣನ ಬಳಿ ಒಂದು ಮಹಾಗ್ರಂಥವಿತ್ತು. ಇಂಟರ್ನೆಟ್ಟು ಟೆಲಿಫೋನ್ ತಂತಿಯೊಳಗಿಂದ ಕಿರುಚಿಕೊಂಡು ಬರುತ್ತಿದ್ದ ಕಾಲದಲ್ಲಿ ಕೊಂಡ, ಬೆನ್ನಿಗೆ ಸಿ.ಡಿ. ಕಟ್ಟಿಕೊಂಡ, ದಿಂಬಿನಷ್ಟು ದಪ್ಪದ ಇಂಟರ್ನೆಟ್ ಗೈಡು! ಅದರ ಬಲದಿಂದ ಅವನು ಒಮಾನಿನ ಸುವೈಕ್‌ನಿಂದ ಇಬ್ರಿಯವರೆಗಿನ ಊರವರಿಗೆಲ್ಲ ಇ-ಮೇಲ್ ದೀಕ್ಷೆ ಕೊಟ್ಟಿದ್ದ. ಆಮೇಲೆ ಲೋಕವೆಲ್ಲ ಫೈಬರಿಗೆ ಮತಾಂತರಗೊಂಡಿತು. ಆಚಾರ್ಯರು ಮಾತ್ರ ಮೂಲಗ್ರಂಥ ಬಿಡಲಿಲ್ಲ.

ಶುಕ್ರವಾರ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಲಾಯಿತು. ರೇಷ್ಮೆಸೀರೆಯುಟ್ಟ ಲೋಲಾಕ್ಷಿ ಮುಷ್ಟಿಯಲ್ಲಿ ಸೇಸೆ ಹಿಡಿದು ನಿಂತಳು. ಮಂಟಪ ಮೂಡಿತು. ವಧೂವರರ ಕೈ ಕೂಡಿತ್ತು. ತಂಗಿ ನೀರಿನ ಗಿಂಡಿ ಎತ್ತಿದ್ದಳು.

"ಬಂತು!" ಎಂದವನೇ ಬೋಜಣ್ಣ ವೈಫೈ ಪೆಟ್ಟಿಗೆಯ ಸ್ವಿಚ್ಚನ್ನು ಟಪ್ಪನೆ ಆರಿಸಿದ.

"ಅಯ್ಯೋ, ಎಂತ ಮಾಡಿದ್ರಿ?"

"ಗೈಡಿನ ಪ್ರಥಮ ಸೂತ್ರ! ಪುಟ ಬಂದ ಕೂಡಲೇ ಲೈನ್ ತೆಗೀಬೇಕು, ಆಮೇಲೆ ಸಾವಕಾಶ ನೋಡ್ಬೇಕು. ಸುಮ್ಮನೆ ನಿಮಿಷದ ಲೆಕ್ಕದಲ್ಲಿ ಫೋನ್ ಬಿಲ್ಲು ಏರಿಸುವುದು ಎಂತಕ್ಕೆ?"

ಪರದೆಯ ನಡುವೆ ಬಿಳಿಯ ವೃತ್ತವೊಂದು ಸುತ್ತತೊಡಗಿತು.

"ಇದೆಂತ ತಿರುಗುವುದು?"

"ಬರ್ತಾ ಉಂಟು ಅಂತ ಅರ್ಥ. ತಾಳ್ಮೆ ಬೇಕು. ಅದೂ ಗೈಡಿನಲ್ಲೇ ಉಂಟು."

ಲೋಲಾಕ್ಷಿ ತಾಳಿದಳು. ವೃತ್ತ ತಿರುಗಿತು. ಮುಷ್ಟಿ ಬೆವರಿತು.

"ಅಲ್ಲ ಮಾರಾಯ್ರೇ, ಆಗಿಂದ ಗಿಂಡಿ ಎತ್ತಿಕೊಂಡೇ ಇದ್ದಾಳಲ್ಲ, ನನ್ನ ತಂಗಿಗೆ ಕೈ ಸೋಲುವುದಿಲ್ವಾ?"

"ಸಂಸ್ಕಾರ ಇರುವವರು. ಗಡಿಬಿಡಿ ಮಾಡುವುದಿಲ್ಲ."

ಅಷ್ಟರಲ್ಲಿ ಫೋನು ಬಂತು. ತಂಗಿ! "ಅಕ್ಕಾ, ಧಾರೆ ಆಯ್ತು! ನೋಡಿದ್ಯಲ್ಲಾ?"

ಒಬ್ಬಳೇ ತಂಗಿ ಏಕಕಾಲಕ್ಕೆ ಅಕ್ಕನ ಕಿವಿಯಲ್ಲೂ ಇದ್ದಳು, ಗಿಂಡಿಯೆತ್ತಿ ಮಂಟಪದಲ್ಲೂ ಇದ್ದಳು! ಲೋಲಾಕ್ಷಿ ಫೋನಿಟ್ಟು ಗಂಡನತ್ತ ತಿರುಗಿದಳು. ಆ ನೋಟಕ್ಕೆ ಗೈಡಿನ ಯಾವ ಅಧ್ಯಾಯದಲ್ಲೂ ಪರಿಹಾರವಿರಲಿಲ್ಲ. ಬೋಜಣ್ಣ ಖಗೋಳಶಾಸ್ತ್ರದ ಮೊರೆಹೊಕ್ಕ.

"ನೋಡು, ಮಸ್ಕತ್ ಊರಿಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಧಾರೆ ಆಗಿರಬಹುದು. ಇಲ್ಲಿ ಮುಹೂರ್ತ ಇನ್ನೂ ಬರ್ಲಿಲ್ಲ!"

ಲೋಲಾಕ್ಷಿ ಬಾಯಿ ತೆರೆಯುವ ಮೊದಲೇ ಕರೆಗಂಟೆ ಬಡಿಯಿತು. ಮೇಲಿನ ಮಾಳಿಗೆಯ ನಝೀರಾ, ಕೈಯಲ್ಲಿ ಸೌಟು ಹಿಡಿದೇ ಓಡಿಬಂದಿದ್ದಳು.

"ಲೋಲಾಕ್ಷಕ್ಕಾ, ಎಂತ ಚೆಂದ ಆಯ್ತು ಧಾರೆ! ನೀವು ಕಳಿಸಿದ ಲಿಂಕಿನಲ್ಲಿ, ಬಿರಿಯಾನಿ ಒಲೆಯೆದುರೇ ನಿಂತು ನೋಡಿದೆ. ನನಗೇ ಕಣ್ಣೀರು ಬಂತು!"

"ಓಹೋ," ಎಂದಳು ಲೋಲಾಕ್ಷಿ ಗಂಡನಿಗೆ, "ಮೇಲಿನ ಮಾಳಿಗೆ ನಮಗಿಂತ ಒಂದೂವರೆ ಗಂಟೆ ಮುಂದೆ ಉಂಟಾ?"

ಬೋಜಣ್ಣ ಓಡಿಹೋಗಿ ಸ್ವಿಚ್ಚು ಒತ್ತಿದ. ಪೆಟ್ಟಿಗೆಯ ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟು ಪರದೆಗೆ ಜೀವ ಬರುವಷ್ಟರಲ್ಲಿ ಮಂಟಪ ಬರಿದಾಗಿ, ಕ್ಯಾಮೆರಾ ಊಟದ ಹಂತಿಗಿಳಿದಿತ್ತು. ಹಸಿರು ಬಾಳೆಲೆ, ಹೋಳಿಗೆ, ಅದರ ಮೇಲೆ ಹರಿಯುವ ತುಪ್ಪ!

ಲೋಲಾಕ್ಷಿ ಒದ್ದೆ ಸೇಸೆಯನ್ನು ಗಂಡನ ಬೋಳುನೆತ್ತಿಯ ಮೇಲೆ ಹಾಕಿ ಕೈ ಕೊಡವಿದಳು. "ಬಾ ನಝೀರಾ, ನಿನ್ನ ಫೋನಿನಲ್ಲಿ ವಿಡಿಯೊ ಹಿಂದೆ ಸರಿಸಿ ಧಾರೆ ತೋರಿಸು. ಊಟವೂ ನಿನ್ನಲ್ಲೇ."

"ಮತ್ತೆ ನನ್ನ ಊಟ?" ಬೋಜಣ್ಣನ ದನಿ ಕ್ಷೀಣವಾಗಿತ್ತು.

ಮೆಟ್ಟಿಲ ಮೇಲಿನಿಂದ ಉತ್ತರ ಬಂತು:

"ಎಲೆ ಬಂತಲ್ಲ ಪರದೆಗೆ? ಇನ್ನು ಲೈನ್ ತೆಗೆದು ಸಾವಕಾಶ ಉಣ್ಣಿ!"