ಕಚೇರಿ ಕಂಪ್ಯೂಟರಿನಲ್ಲಿ ಯಾರ ಕೆಲಸ?

ಜನರ ಕೆಲಸಕ್ಕೆಂದು ಕೊಂಡ ಕಂಪ್ಯೂಟರಿನಲ್ಲಿ, ಜನರನ್ನು ಕಿಟಕಿಯ ಹೊರಗೆ ನಿಲ್ಲಿಸಿ, ಸಂಬಳದ ಹೊತ್ತಿನಲ್ಲಿ ನೌಕರರು ತಮ್ಮ ಸ್ವಂತ ಕೆಲಸ ಮಾಡಿಕೊಂಡರು. ಗುಂಡ್ಲುಪೇಟೆಯ ಒಂದು ಕಚೇರಿಯ ಮೇಲೆ ಇದು ನನ್ನ ಆರೋಪ. ಯಾವ ಕಚೇರಿ ಎಂದು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಮಿಕ್ಕ ಕಚೇರಿಯವರೆಲ್ಲ ಕಾಲು ಚಾಚಿಕೊಂಡು ಕೂತುಬಿಡುತ್ತಾರೆ.

ಮೇಜಿನ ಮೇಲೆ ಇಂಟರ್‌ನೆಟ್ ಬಂದ ಮೇಲೆ ಇಂಥವು ವಾರಕ್ಕೊಂದಾದರೂ ನನ್ನ ಕಣ್ಣಿಗೆ ಬೀಳುತ್ತಿವೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅರ್ಜಿ ಬರೆಯುವುದನ್ನು ಕಲಿತದ್ದು ತಿರಸ್ಕಾರವಾದ ಅರ್ಜಿಗಳನ್ನು ಓದಿ. ಅರ್ಜಿ ಹಿಡಿದವರ ಜೊತೆ ಕಚೇರಿಗೆ ಹೋಗಿ ಜಗಳವಾಡುವುದು ನನ್ನ ಅಭ್ಯಾಸ. ಇಲ್ಲಿ ಹೇಳುವುದೆಲ್ಲ ಒಂದೇ ಅರ್ಜಿಯ ಹಿಂದೆ ಅಲೆದಾಗ ಕಂಡದ್ದು. ಹಂಗಳದ ಕೂಲಿ ಹೆಂಗಸೊಬ್ಬಳ ಮಗಳು ಪಿಯುಸಿ ಮುಗಿಸಿದ್ದಳು. ಚಾಮರಾಜನಗರದ ಒಂದು ನರ್ಸಿಂಗ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ತಿಂಗಳ ಕೊನೆಯೊಳಗೆ ಜಾತಿ ಪ್ರಮಾಣಪತ್ರ ಕೊಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಬೇಕಿದ್ದದ್ದು ಒಂದು ಹಾಳೆ.

೧. ಕಟಾವಿನ ಹೊತ್ತು

ಮೊದಲ ದಿನ ನಾವು ಕಿಟಕಿಗೆ ಹೋದಾಗ ಗುಮಾಸ್ತರು ತಲೆ ಎತ್ತಲಿಲ್ಲ. "ಅರ್ಧ ಗಂಟೆ ತಡೀರಿ, ಕಟಾವಿದೆ" ಎಂದರು.

ಕಚೇರಿಯೊಳಗೆ ಎಂಥ ಕಟಾವು ಎಂದು ಬಗ್ಗಿ ನೋಡಿದೆ. ಕಂಪ್ಯೂಟರಿನ ಪರದೆ ತುಂಬ ಚೌಕ ಚೌಕ ಹೊಲ, ಸುತ್ತ ಬೇಲಿ, ಮೂಲೆಯಲ್ಲಿ ಒಂದು ಹಸು. ಇಂಟರ್‌ನೆಟ್ಟಿನಲ್ಲಿ ಬೇಸಾಯ ಮಾಡುವ ಆಟ. ಗುಮಾಸ್ತರು ಸ್ಟ್ರಾಬೆರಿ ಹಾಕಿದ್ದರು. ಹೊತ್ತು ಮೀರಿದರೆ ಒಣಗಿಹೋಗುತ್ತದಂತೆ. ಹೊರಗೆ ಸಾಲಿನಲ್ಲಿ ನಿಜವಾದ ಹೊಲ ಬಿಟ್ಟು ಬಂದ ಬೇಗೂರಿನ ನಾಲ್ಕು ಜನ ರೈತರು ನಿಂತಿದ್ದರು. ಅವರೂ ಬಗ್ಗಿದರು.

"ಗಿಡದ ಸಾಲು ಹತ್ರ ಆಯ್ತು ಸ್ವಾಮಿ, ಗಾಳಿ ಆಡಾಕಿಲ್ಲ" ಎಂದ ಒಬ್ಬ.

"ಅದೇನ್ಲಾ, ನೀರೇ ಕಟ್ದೆ ಬೆಳೀತಾವ್ರೆ" ಎಂದ ಇನ್ನೊಬ್ಬ.

ಗುಮಾಸ್ತರಿಗೆ ನಾಚಿಕೆ ಆಗಬೇಕಿತ್ತು. ಅವರು ಕುರ್ಚಿ ತಿರುಗಿಸಿ, "ಇದಾದ್ಮೇಲೆ ಏನ್ ಹಾಕಿದ್ರೆ ಒಳ್ಳೇದು?" ಎಂದು ಸಲಹೆ ಕೇಳಿದರು. ಒಬ್ಬ ಅರಿಸಿನ ಎಂದ, ಒಬ್ಬ ಈರುಳ್ಳಿ ಎಂದ, ಸಾಲಿನಲ್ಲೇ ವಾದ ಹತ್ತಿತು. ಅರ್ಜಿಗಳೆಲ್ಲ ಕೈಯಲ್ಲೇ ಉಳಿದವು.

ಹಂಗಳದ ಹೆಂಗಸು ಬಹಳ ಹೊತ್ತು ಪರದೆಯನ್ನೇ ನೋಡಿ ಕೇಳಿದಳು: "ಅಲ್ಲಿ ಆನೆ ಬರಾಕಿಲ್ವಾ ಸ್ವಾಮಿ?"

"ಇಲ್ಲಮ್ಮ."

"ಹಂದಿ?"

"ಅದೂ ಇಲ್ಲ."

"ಅಂಗಾದ್ರೆ ಜಾತಿ ಕಾಗ್ದ ಆಮೇಲ್ ಕೊಡೀರಂತೆ. ಅದ್ರಲ್ಲೇ ನಮ್ಗೂ ಎರಡೆಕ್ರೆ ಬರ್ಕೊಟ್ಬುಡಿ."

೨. ಒಂದು ಅರ್ಜಿಗೆ ಎಂಟು ತಲೆ

ಅರ್ಜಿ ಕೊಟ್ಟು ಒಂದು ವಾರವಾಗಿತ್ತು. ಮತ್ತೆ ಹೋದೆವು. ಕಿಟಕಿಯಲ್ಲಿ ಯಾರೂ ಇಲ್ಲ. ಒಳಗೆ ಒಂದೇ ಕಂಪ್ಯೂಟರಿನ ಸುತ್ತ ಎಂಟು ಜನ. ಗುಮಾಸ್ತರು, ಅವರ ಜೊತೆಯವರು, ಬಾಗಿಲಲ್ಲಿ ಕೂರಬೇಕಾದ ಜವಾನ, ಹಿಂದೆ ಸ್ಟೂಲಿನ ಮೇಲೆ ನಿಂತ ಒಬ್ಬರು. ಎಲ್ಲರ ಕಣ್ಣೂ ಪರದೆಯ ಮೇಲೆ.

ಹೆಂಗಸಿನ ಮುಖ ಅರಳಿತು. "ಅಣ್ಣ, ನೀನು ಸುಮ್ಕೆ ಬಯ್ತೀಯ. ನೋಡು, ನಮ್ ಅರ್ಜೀನ ಎಲ್ರೂ ಸೇರ್ಕಂಡ್ ನೋಡ್ತಾವ್ರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಎಂಟು ಜನರೂ ಒಟ್ಟಿಗೆ ತಲೆ ಮೇಲೆ ಕೈ ಇಟ್ಟುಕೊಂಡರು. ಸ್ಟೂಲಿನಿಂದ ಇಳಿದವರು, "ಹೋಯ್ತು, ಇನ್ನು ಏನೂ ಮಾಡಕ್ಕಾಗಲ್ಲ" ಎಂದು ನಮ್ಮ ಕಡೆ ನೋಡುತ್ತಾ ಹೊರಗೆ ಹೋದರು. ಹೆಂಗಸು ಅಲ್ಲೇ ನೆಲದ ಮೇಲೆ ಕುಸಿದು ಅಳತೊಡಗಿದಳು. ಮಗಳ ಸೀಟು ಹೋಯಿತೆಂದೇ ಅವಳ ತಿಳಿವಳಿಕೆ.

ಹೋಗಿದ್ದದ್ದು ಕ್ರಿಕೆಟ್ಟಿನ ವಿಕೆಟ್ಟು. ಅವಳು ಅಳುವುದನ್ನು ಕಂಡ ಜವಾನನಿಗೆ ಮನಸ್ಸು ಕರಗಿತು. ಒಂದು ಲೋಟ ನೀರು ತಂದುಕೊಟ್ಟು ಸಮಾಧಾನ ಹೇಳಿದ: "ಅಳ್ಬೇಡ ಕಣಕ್ಕ. ಇನ್ನೂ ಐದು ವಿಕೆಟ್ ಅವೆ."

೩. ನನಗಿಂತ ಮೊದಲು ಮುಟ್ಟಿದ್ದು

ಆಮೇಲೆ ಹೊಸ ತಕರಾರು ಬಂತು. ಹುಡುಗಿ ಹುಟ್ಟಿದ್ದು ತಾಯಿಯ ತವರಿನಲ್ಲಿ, ಚಾಮರಾಜನಗರದ ಕಡೆ. ಅಲ್ಲಿಯ ಕಚೇರಿಯಿಂದ ಒಂದು ವರದಿ ಬರಬೇಕು. "ಬರೆದು ಕೇಳಿದ್ದೀವಿ ಯಜಮಾನ್ರೆ, ಅವರ ಉತ್ತರ ಇಲ್ಲ. ನಾವೇನ್ ಮಾಡೋಣ?" ಎಂದರು ನಮ್ಮ ಗುಮಾಸ್ತರು.

ನಾನೇ ಬಸ್ಸು ಹತ್ತಿದೆ. ತೆರಕಣಾಂಬಿಯವರೆಗೆ ನಿಂತುಕೊಂಡು, ಅಲ್ಲಿಂದ ಕೂತುಕೊಂಡು ಚಾಮರಾಜನಗರಕ್ಕೆ ಹೋದೆ. ಅಲ್ಲಿಯ ಗುಮಾಸ್ತರು ಕಂಪ್ಯೂಟರಿನಲ್ಲಿ ಟಕಟಕ ಬಡಿಯುತ್ತಿದ್ದರು. ವರದಿ ಎಲ್ಲಿ ಎಂದೆ.

"ಗುಂಡ್ಲುಪೇಟೆಯಿಂದ ನಮಗೆ ಪತ್ರಾನೇ ಬಂದಿಲ್ಲ. ಅವರಿಗೂ ನಮಗೂ ಸಂಪರ್ಕವೇ ಇಲ್ಲ."

ಇಂಗ್ಲಿಷ್ ಅಕ್ಷರಗಳನ್ನು ನಾನು ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ಅಷ್ಟು ಸಾಕಾಯಿತು. ಪರದೆಯ ಮೇಲೆ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಇಬ್ಬರು ಹರಟುತ್ತಿದ್ದರು. ಬೆಳಗಿನ ತಿಂಡಿ, ಭಾನುವಾರದ ಮಟನ್ನು, ಒಬ್ಬರ ಮಂಡಿ ನೋವು, ಎಲ್ಲವೂ ಇತ್ತು. ನಾನು ಮೇಲಿನಿಂದ ಕೆಳಗೆ ಓದುತ್ತಾ ಬಂದೆ. ಕೊನೆಯ ಸಾಲು ಗುಂಡ್ಲುಪೇಟೆಯ ನಮ್ಮ ಗುಮಾಸ್ತರದು:

"ಆ ಜಗಳಗಂಟ ಬಸ್ ಹತ್ತಿದ. ಅಲ್ಲಿಗೇ ಬರ್ತಾ ಇದ್ದಾನೆ. ಪತ್ರ ಬಂದಿಲ್ಲ ಅನ್ನು."

ಆ ಸಾಲಿನ ಮೇಲೆ ಬೆರಳಿಟ್ಟೆ. ಚಾಮರಾಜನಗರದ ಗುಮಾಸ್ತರು ನನ್ನ ಬೆರಳು ನೋಡಿದರು, ನನ್ನ ಮುಖ ನೋಡಿದರು. "ಕೂತ್ಕೊಳಿ, ಕಾಫಿ ಕುಡೀತೀರಾ?" ಎಂದರು. ವರದಿ ಹತ್ತು ನಿಮಿಷದಲ್ಲಿ ಕೈಗೆ ಬಂತು. ಎದ್ದು ಬರುವಾಗ ತಿರುಗಿ ನೋಡಿದರೆ ಅವರು ಮತ್ತೆ ಟಕಟಕ ಬಡಿಯುತ್ತಿದ್ದರು: "ಬಂದ. ಓದೋಕೆ ಬರುತ್ತೆ ಅಂತ ಮೊದಲೇ ಹೇಳಬಾರದಾ?"

೪. ಪರಿಶೀಲಿಸಿ ದೃಢೀಕರಿಸಿದೆ

ಕೊನೆಯ ದಿನದ ಹಿಂದಿನ ಸಂಜೆ ಜವಾನ ಕಿಟಕಿಯಿಂದ ಮಡಿಸಿದ ಹಾಳೆಯೊಂದನ್ನು ಕೊಟ್ಟ. ಸೀಲಿನ ಅಂಚು ಕಾಣುತ್ತಿತ್ತು. ಬಿಚ್ಚಿ ಓದದೆ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಮರುದಿನ ಹನ್ನೊಂದು ಗಂಟೆಗೆ ತಾಯಿ, ಮಗಳು, ನಾನು ನರ್ಸಿಂಗ್ ಶಾಲೆಯಲ್ಲಿದ್ದೆವು. ಅಲ್ಲಿಯ ಮೇಡಮ್ಮು ಹಾಳೆ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಓದಿದರು: "ವಯಸ್ಸು ಇಪ್ಪತ್ತೊಂಬತ್ತು. ಗೋಧಿ ಬಣ್ಣ. ನಕ್ಷತ್ರ ರೋಹಿಣಿ. ಹವ್ಯಾಸ ವಾಲಿಬಾಲ್. ಮನೆಗೆಲಸ ಬಲ್ಲ ಹುಡುಗಿ ಬೇಕು." ಪಕ್ಕದಲ್ಲಿ ಮೀಸೆಯ ಗಂಡೊಬ್ಬನ ಫೋಟೋ. ಫೋಟೋದ ಕೆಳಗೆ ಕಚೇರಿಯ ಸೀಲು, "ಪರಿಶೀಲಿಸಿ ದೃಢೀಕರಿಸಿದೆ" ಎಂಬ ಮುದ್ರೆ, ಅದರ ಮೇಲೆ ಅಧಿಕಾರಿಯ ಸಹಿ.

ಹುಡುಗಿ ತಾಯಿಯ ಕಡೆ ತಿರುಗಿದಳು. "ಅವ್ವ, ಸೀಟ್ ಕೇಳಿದ್ರೆ ಗಂಡ್ ಕೊಟ್ಟವ್ರೆ."

"ಸುಮ್ಕಿರು ಕಣಮ್ಮಿ" ಎಂದ ತಾಯಿ, ಫೋಟೋವನ್ನು ಇನ್ನೊಂದು ಸಲ ನೋಡಿದಳು.

ಮೇಡಮ್ಮು ಒಳ್ಳೆಯವರು. ಐದು ಗಂಟೆಯವರೆಗೆ ಕಾಯುತ್ತೇನೆ ಎಂದರು. ತಾಯಿ ಮಗಳನ್ನು ಅಲ್ಲೇ ಕೂರಿಸಿ ನಾನು ಗುಂಡ್ಲುಪೇಟೆಗೆ ಓಡಿದೆ. ನೇರ ಅಧಿಕಾರಿಯ ಮೇಜಿಗೆ ಹೋಗಿ ಗಂಡನ್ನು ಅವರ ಮುಂದಿಟ್ಟೆ. ಗುಮಾಸ್ತರನ್ನೂ ಜವಾನನನ್ನೂ ಕರೆಸಿದರು.

ಆದದ್ದು ಇಷ್ಟು. ಗುಮಾಸ್ತರು ತಮ್ಮ ಮಗಳಿಗಾಗಿ ಇಂಟರ್‌ನೆಟ್ಟಿನಲ್ಲಿ ಗಂಡು ಹುಡುಕಿ, ಕಚೇರಿಯ ಪ್ರಿಂಟರಿನಲ್ಲೇ ತೆಗೆದಿದ್ದರು. "ಪ್ರಿಂಟರಿಂದ ಬಿದ್ದದ್ಕೆಲ್ಲ ಸೀಲ್ ಒತ್ತದು ನನ್ ಕೆಲ್ಸ ಸಾರ್" ಎಂದ ಜವಾನ. ಸೀಲು ಇದ್ದದ್ದಕ್ಕೆಲ್ಲ ಸಹಿ ಹಾಕುವುದು ಅಧಿಕಾರಿಯ ಕೆಲಸ. ಓದುವ ಕೆಲಸ ಆ ಕಚೇರಿಯಲ್ಲಿ ಯಾರಿಗೂ ಹಂಚಿರಲಿಲ್ಲ.

"ಹಾಗಾದ್ರೆ ಹುಡುಗಿ ಪ್ರಮಾಣಪತ್ರ ಎಲ್ಲಿ?" ಎಂದರು ಅಧಿಕಾರಿ.

ಗುಮಾಸ್ತರು ಮನೆಗೆ ಫೋನು ಮಾಡಿದರು. ಅವರ ಹೆಂಡತಿಯ ದನಿ ನನಗೂ ಕೇಳಿಸಿತು. "ಹೂಂ, ನಿನ್ನೆ ನೀವು ತಂದ ಕಾಗದದಲ್ಲಿ ಅಂಥದೊಂದಿದೆ. ಜಾತಿ, ಊರು ಎಲ್ಲ ಬರ್ದವ್ರೆ, ಫೋಟೋನೇ ಇಲ್ಲ. ಆ ಗಂಡು ಬೇಡ ಅಂತ ಪಕ್ಕಕ್ಕಿಟ್ಟಿದ್ದೀನಿ."

ಹೊಸ ಪ್ರತಿ ತೆಗೆಯಲು ಹಿಡಿದದ್ದು ಮೂರು ನಿಮಿಷ. ತಿಂಗಳೆಲ್ಲ ಅಲೆಸಿದ ಹಾಳೆ, ಮೂರು ನಿಮಿಷ. ಅಧಿಕಾರಿ ಸಹಿ ಹಾಕಿ, ಸೀಲು ಬಿದ್ದ ಗಂಡನ್ನು ಎರಡು ಬೆರಳಲ್ಲಿ ಎತ್ತಿ, "ಮೊದಲು ಇದನ್ನ ರದ್ದು ಮಾಡ್ರಿ" ಎಂದು ಗುಡುಗಿದರು.

ಗುಮಾಸ್ತರು ಕೈ ಮುಗಿದರು. "ರದ್ದು ಮಾತ್ರ ಮಾಡ್ಬೇಡಿ ಸಾರ್. ಫೋನಲ್ಲಿ ವಿವರ ಕೇಳೇ ಮನೇಲಿ ಎಲ್ರೂ ಒಪ್ಪಿರೋ ಗಂಡು ಅದೊಂದೇ."

ಹಾಳೆ ಹಿಡಿದು ಓಡಿದೆ. ಐದಕ್ಕೆ ಹತ್ತು ನಿಮಿಷವಿದ್ದಾಗ ಸಲ್ಲಿಸಿದೆವು. ಸೀಟು ಉಳಿಯಿತು. ಆ ದಿನ ಬಸ್ಸೊಂದು ಕೆಟ್ಟು ನಿಂತಿದ್ದರೆ ಉಳಿಯುತ್ತಿರಲಿಲ್ಲ. ಆಗ ಈ ಕಥೆಗೆ ನೀವೂ ನಗುತ್ತಿರಲಿಲ್ಲ, ನಾನೂ ಬರೆಯುತ್ತಿರಲಿಲ್ಲ.

ನಕ್ಕಿದ್ದು ಸಾಕು. ನಿಮ್ಮ ಅರ್ಜಿಯೂ ಎಲ್ಲೋ ಒಂದು ಮೇಜಿನ ಮೇಲೆ ಬಿದ್ದಿದೆ. ನಾಳೆ ಬೆಳಿಗ್ಗೆ ಹೋಗಿ. ಅರ್ಜಿ ತೆಗೆದುಕೊಂಡದ್ದಕ್ಕೆ ತಾರೀಖು ಹಾಕಿದ ರಸೀದಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಒಂದು ಪ್ರಶ್ನೆ ಹಾಕಿ: ನಾನು ಕಿಟಕಿಯಲ್ಲಿ ನಿಂತಿದ್ದ ಹೊತ್ತಿನಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಯಾವ ಕೆಲಸ ನಡೆಯುತ್ತಿತ್ತು? ನಾನೊಬ್ಬನೇ ಕೇಳಿದ್ದಕ್ಕೆ ಜಗಳಗಂಟ ಎಂದರು. ನೀವು ನೂರು ಜನ ಕೇಳಿ. ಉತ್ತರ ಬರುವವರೆಗೆ ಕಿಟಕಿ ಬಿಟ್ಟು ಕದಲಬೇಡಿ.